ಒಂದನೇ ನಂಬರಿನ ಜ್ಯೂರಿ ಸದಸ್ಯೆ ಮತ್ತು ಸುಮ್ಮನಿದ್ದ ವಕೀಲರು

(ಬೆಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳ ಉತ್ತರವನ್ನು ಒಳಗೇ ಸೇರಿಸಿದ್ದೇನೆ.)

2011ರ ಮೇ ತಿಂಗಳು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿರುವ ಫೆಡರಲ್ ನ್ಯಾಯಾಲಯದಲ್ಲಿ ಎರಡು ತಿಂಗಳಿಗೂ ಮೀರಿ ನಡೆದಿದ್ದ ಒಂದು ವಿಚಾರಣೆ ಮುಗಿಯುವ ಹಂತಕ್ಕೆ ಬಂದಿತ್ತು. ಜ್ಯೂರಿಯಲ್ಲಿ, ಅಂದರೆ ತಪ್ಪಿತಸ್ಥರು ಹೌದೋ ಅಲ್ಲವೋ ಎಂದು ನಿರ್ಣಯಿಸಲು ಆರಿಸಿದ ಸಾಮಾನ್ಯ ನಾಗರಿಕರ ತಂಡದಲ್ಲಿ, ಮೊದಲನೆಯ ಆಸನದಲ್ಲಿ ಕುಳಿತಿದ್ದ ಹೆಂಗಸೊಬ್ಬರು ನ್ಯಾಯಾಧೀಶರಿಗೆ ಒಂದು ಚೀಟಿ ಕಳುಹಿಸಿದರು. ಅದರಲ್ಲಿ 'ರೆಸ್ಪಾಂಡಿಯಟ್ ಸುಪೀರಿಯರ್' ಎಂಬ ಎರಡು ಲ್ಯಾಟಿನ್ ಪದಗಳಿದ್ದವು. ಕೆಲಸಗಾರ ಮಾಡಿದ ತಪ್ಪಿಗೆ ಯಜಮಾನ ಹೊಣೆಯಾಗುವುದು ಯಾವಾಗ ಎಂಬುದನ್ನು ಹೇಳುವ ತತ್ತ್ವ ಅದು. ನಿಮ್ಮಲ್ಲಿ ಹೆಚ್ಚಿನವರು ಮೊದಲ ವರ್ಷದ ಟಾರ್ಟ್ಸ್ ಪಾಠದಲ್ಲಿ ಅದನ್ನು ಓದಿರುತ್ತೀರಿ. ಆ ವಿಚಾರಣೆಯಲ್ಲಿ ಆ ಪದವನ್ನು ನ್ಯಾಯಾಧೀಶರು ಜ್ಯೂರಿಗೆ ಹೇಳಿಕೊಟ್ಟಿರಲಿಲ್ಲ. ಚೀಟಿ ಕಳುಹಿಸಿದವರಾದರೋ, ತಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಓದಿದ ಗೃಹಿಣಿ, ಅದಕ್ಕಿಂತ ಹೆಚ್ಚಿನ ಓದು ತನಗಿಲ್ಲ ಎಂದು ಮಾರ್ಚ್ ತಿಂಗಳಲ್ಲಿ, ಜ್ಯೂರಿ ಆಯ್ಕೆಯ ವೇಳೆ, ಪ್ರಮಾಣ ಮಾಡಿ ಹೇಳಿದ್ದರು.

ಇಂದು ನಾನು ಮಾತಾಡಬೇಕೆಂದಿರುವುದು ಈ ಚೀಟಿಯ ಬಗ್ಗೆ, ಆ ಚೀಟಿಯನ್ನು ಓದಿದವರ ಬಗ್ಗೆ. ದೊಡ್ಡ ಕಂಪನಿಯೊಂದರ ಮೊಕದ್ದಮೆಯಲ್ಲಿ ಜ್ಯೂರಿಯೊಳಗೆ ಗುಟ್ಟಾಗಿ ಸೇರಿಕೊಂಡು ನಿರ್ಣಯವನ್ನು ತನಗೆ ಬೇಕಾದಂತೆ ತಿರುಗಿಸುವ ನಿಗೂಢ ವ್ಯಕ್ತಿಯ ಕಥೆಯನ್ನು ನಾವು ಸಿನಿಮಾಗಳಲ್ಲಿ ನೋಡಿದ್ದೇವೆ. ಅಂಥವರು ನಿಜವಾಗಿ ಇರುತ್ತಾರೆಯೇ ಎಂದು ಕೇಳಿದರೆ, ಇರುತ್ತಾರೆ ಎನ್ನುವುದೇ ನನ್ನ ಉತ್ತರ. ಆದರೆ ಆ ಗುಟ್ಟು ಎಂದಿಗೂ ಅವರೊಬ್ಬರದೇ ಆಗಿರುವುದಿಲ್ಲ. ಅದನ್ನು ಕಾಪಾಡಲು ಇನ್ನೂ ನಾಲ್ಕು ಜನ ಬೇಕಾಗುತ್ತದೆ, ಮತ್ತು ಆ ನಾಲ್ಕು ಜನ ಸಾಮಾನ್ಯವಾಗಿ ನಮ್ಮಂತೆ ಕರಿ ಕೋಟು ಹಾಕಿದವರು.

ಮೊದಲು ಮೊಕದ್ದಮೆ ಏನೆಂದು ಹೇಳುತ್ತೇನೆ. ಡಲ್ಲಾಸ್ ನಗರದ ಜೆಂಕೆನ್ಸ್ ಅಂಡ್ ಗಿಲ್‌ಕ್ರಿಸ್ಟ್ ಎಂಬ ದೊಡ್ಡ ವಕೀಲರ ಸಂಸ್ಥೆ, ತನ್ನ ಶಿಕಾಗೋ ಕಚೇರಿಯ ಮೂಲಕ, ಅತಿ ಶ್ರೀಮಂತರಿಗೆ ತೆರಿಗೆ ತಪ್ಪಿಸುವ ಯೋಜನೆಗಳನ್ನು ಮಾರುತ್ತಿತ್ತು. ಕಾಗದದ ಮೇಲೆ ಮಾತ್ರ ಇರುವ ನಷ್ಟಗಳನ್ನು ಸೃಷ್ಟಿಸಿ, ಅವನ್ನು ನಿಜವಾದ ಆದಾಯದಿಂದ ಕಳೆಯುವುದು ಅದರ ತಿರುಳು. ಹೀಗೆ ಹುಟ್ಟಿಸಿದ ಸುಳ್ಳು ನಷ್ಟಗಳ ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು ಎಂಬುದು ಸರ್ಕಾರದ ಆರೋಪವಾಗಿತ್ತು. 2007ರಲ್ಲಿ ಆ ಸಂಸ್ಥೆ 7.6 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿ ಬಾಗಿಲು ಮುಚ್ಚಿತು. ಶಿಕಾಗೋ ಕಚೇರಿಯ ಮುಖ್ಯಸ್ಥ ಪಾಲ್ ಡಾಗರ್ಡಸ್ ಮತ್ತು ಇತರ ನಾಲ್ವರ ಮೇಲೆ ಕ್ರಿಮಿನಲ್ ವಿಚಾರಣೆ ನಡೆಯಿತು. ಅವರಲ್ಲಿ ವಕೀಲರಿದ್ದರು, ಲೆಕ್ಕಪತ್ರ ಸಂಸ್ಥೆಯ ಹಿರಿಯ ಅಧಿಕಾರಿಯಿದ್ದರು, ಬ್ಯಾಂಕಿನ ಬ್ರೋಕರ್ ಇದ್ದರು. ನ್ಯಾಯಾಧೀಶರು ವಿಲಿಯಂ ಪಾಲಿ. 2011ರ ಮೇ 24ರಂದು ಜ್ಯೂರಿ ನಾಲ್ವರನ್ನು ಅಪರಾಧಿಗಳೆಂದು, ಒಬ್ಬರನ್ನು ನಿರಪರಾಧಿಯೆಂದು ಹೇಳಿತು.

ಅದಾದ ಮೇಲೆ ಆ ಒಂದನೇ ನಂಬರಿನ ಜ್ಯೂರಿ ಸದಸ್ಯೆ ಸರ್ಕಾರಿ ವಕೀಲರಿಗೆ ಒಂದು ಅಭಿನಂದನಾ ಪತ್ರ ಬರೆದರು. ನೀವು ಬಹಳ ಚೆನ್ನಾಗಿ ಕೆಲಸ ಮಾಡಿದಿರಿ ಎಂದು ಹೊಗಳಿದ್ದರು. ಅಪರಾಧಿಗಳಲ್ಲೊಬ್ಬನಾದ ಬ್ರೋಕರ್‌ನ ವಿಷಯದಲ್ಲಿ ಪಿತೂರಿಯ ಆರೋಪವೂ ಸಾಬೀತಾಗಿದೆ ಎಂದು ತಾನು ಪಟ್ಟು ಹಿಡಿದಿದ್ದೆ, ಕೊನೆಗೆ ಉಳಿದವರಿಗೆ ಮಣಿಯಬೇಕಾಯಿತು ಎಂದೂ ಬರೆದಿದ್ದರು. ಸರ್ಕಾರಿ ವಕೀಲರು ಆ ಪತ್ರವನ್ನು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳಲಿಲ್ಲ, ನ್ಯಾಯಾಲಯಕ್ಕೂ ಎದುರು ಪಕ್ಷಕ್ಕೂ ಕೊಟ್ಟರು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪತ್ರ ಕೈಗೆ ಬಂದ ಮೇಲೆ ಆರೋಪಿಗಳ ವಕೀಲರು ಆಕೆಯ ಹಿನ್ನೆಲೆಯನ್ನು ಕೆದಕಿದರು. ಆಕೆ ಸ್ವತಃ ವಕೀಲೆ. ಕಾನೂನು ಪದವಿ ಪಡೆದು ವಕಾಲತ್ತು ನಡೆಸಿ, ಆಮೇಲೆ ವೃತ್ತಿಯಿಂದ ಅಮಾನತುಗೊಂಡವರು. ಅವರ ಮೇಲೆಯೇ ಪೊಲೀಸ್ ದಾಖಲೆಗಳಿದ್ದವು. ಪತಿ ವರ್ಷಗಟ್ಟಲೆ ಜೈಲಿನಲ್ಲಿದ್ದವರು. ತಾನು ವಾಸಿಸುವ ಊರು ಯಾವುದು ಎಂಬ ಸರಳ ಪ್ರಶ್ನೆಗೂ ಆಕೆ ಕೊಟ್ಟ ಉತ್ತರ ನಿಜವಾಗಿರಲಿಲ್ಲ. 2012ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಪಾಲಿ ಆಕೆಯನ್ನು ಕರೆಸಿದರು. ಹೇಳಿದ್ದನ್ನು ತನ್ನ ಮೇಲೆಯೇ ಬಳಸುವುದಿಲ್ಲ ಎಂಬ ರಕ್ಷಣೆ ಸಿಕ್ಕ ಮೇಲೆಯೇ ಆಕೆ ಬಾಯಿ ಬಿಟ್ಟಿದ್ದು. ಏಕೆ ಸುಳ್ಳು ಹೇಳಿದಿರಿ ಎಂದರೆ, ನಿಜ ಹೇಳಿದ್ದರೆ ತನ್ನನ್ನು ಜ್ಯೂರಿಗೆ ಆರಿಸುತ್ತಲೇ ಇರಲಿಲ್ಲ ಎಂಬುದು ಉತ್ತರ. ಜ್ಯೂರಿಗೆ ಒಪ್ಪಿಗೆಯಾಗುವಂಥ ಒಬ್ಬ ವ್ಯಕ್ತಿಯನ್ನು ಆಕೆ ಕೂತು ಕಟ್ಟಿದ್ದರು. ಯಾರೂ ಹಣ ಕೊಟ್ಟಿರಲಿಲ್ಲ, ಯಾವ ಕಂಪನಿಯೂ ಕಳುಹಿಸಿರಲಿಲ್ಲ. ಆಸಕ್ತಿ ಹುಟ್ಟಿಸುವ ಒಂದು ದೊಡ್ಡ ವಿಚಾರಣೆಯಲ್ಲಿ ಕೂರಬೇಕು ಎಂಬ ಆಸೆ, ಆರೋಪಿ ಸ್ಥಾನದಲ್ಲಿದ್ದ ವಕೀಲರ ಬಗ್ಗೆ ಮೊದಲೇ ಇದ್ದ ತಿರಸ್ಕಾರ, ಇಷ್ಟೇ. ಸಿನಿಮಾದ ನಿಗೂಢ ವ್ಯಕ್ತಿಗೆ ಒಂದು ಸೇಡಿನ ಕಾರಣವಾದರೂ ಇರುತ್ತದೆ. ನಿಜ ಜೀವನದ ಈ ಸುಳ್ಳಿನಲ್ಲಿ ಅಷ್ಟು ದೊಡ್ಡ ಕಾರಣವೂ ಇಲ್ಲದ್ದು ನನ್ನನ್ನು ಹೆಚ್ಚು ಕಾಡುತ್ತದೆ.

ಇಲ್ಲಿಗೆ ನಿಂತಿದ್ದರೆ ಇದು ಒಬ್ಬ ಹೆಂಗಸಿನ ವಂಚನೆಯ ಕಥೆಯಾಗಿರುತ್ತಿತ್ತು. ಆದರೆ ಮರುವಿಚಾರಣೆ ಬೇಕೆಂದು ಆರೋಪಿಗಳು ಅರ್ಜಿ ಹಾಕಿದಾಗ ಸರ್ಕಾರದ ಕಡೆಯವರು ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು: ಇದು ನಿಮಗೆ ತಿಳಿದದ್ದು ಯಾವಾಗ? ಆಗ ಬ್ರೋಕರ್‌ನ ಪರವಾಗಿದ್ದ ವಕೀಲರ ತಂಡ ಒಂದೊಂದಾಗಿ ಹೇಳತೊಡಗಿತು. ಜ್ಯೂರಿ ಆಯ್ಕೆಯ ವೇಳೆಗೇ ಅವರು ಆಕೆಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದ್ದರು, ಅದೇ ಹೆಸರಿನ ಅಮಾನತುಗೊಂಡ ವಕೀಲೆಯ ಆದೇಶ ಸಿಕ್ಕಿತ್ತು. ಹೆಸರು ಒಂದೇ ಇರಬಹುದು, ವ್ಯಕ್ತಿ ಬೇರೆ ಎಂದು ಬಿಟ್ಟರು. ಪ್ರಮಾಣ ಮಾಡಿದವರ ಮಾತನ್ನು ನಂಬುವುದು ಸಹಜವೇ. ಆದರೆ ಮೇ ತಿಂಗಳಲ್ಲಿ ಆ ಚೀಟಿ ಬಂತು. ಬಿ.ಎ. ಓದಿದ ಗೃಹಿಣಿಯ ಕೈಯಲ್ಲಿ ಆ ಲ್ಯಾಟಿನ್ ಪದ ಹೇಗೆ ಬಂತು ಎಂದು ಅವರಿಗೆ ಥಟ್ಟನೆ ಹೊಳೆಯಿತು. ಮತ್ತೆ ಹುಡುಕಿದರು, ಈ ಸಲ ಹಣ ಕೊಟ್ಟು ನೋಡುವ ದಾಖಲೆಗಳಲ್ಲಿ. ವಿಳಾಸಗಳು ಒಂದಕ್ಕೊಂದು ತಾಳೆಯಾದವು. ತಂಡದ ಒಬ್ಬರು ಇದು ಆಕೆಯೇ ಎಂದು ನನಗನ್ನಿಸುತ್ತದೆ ಎಂಬ ಅರ್ಥದ ಇಮೇಲ್ ಕಳುಹಿಸಿದರು. ಹಿರಿಯರು ತಮ್ಮ ತಮ್ಮಲ್ಲಿ ಚರ್ಚಿಸಿ, ಪ್ರಮಾಣ ಮಾಡಿ ಇಷ್ಟು ಸುಳ್ಳು ಹೇಳುವುದು ಸಾಧ್ಯವೇ ಇಲ್ಲ, ಇವರು ಅವರಲ್ಲ ಎಂದು ತೀರ್ಮಾನಿಸಿದರು. ನ್ಯಾಯಾಧೀಶರಿಗೆ ಒಂದು ಮಾತೂ ಹೇಳಲಿಲ್ಲ.

ನಾನು ಮೂವತ್ತು ವರ್ಷ ಈ ಊರಿನ ಸಿವಿಲ್ ಕೋರ್ಟುಗಳಲ್ಲಿ ವಕಾಲತ್ತು ಮಾಡಿದವನು, ಆದ್ದರಿಂದ ಆ ಮೌನದ ರುಚಿ ಏನೆಂದು ನನಗೆ ಗೊತ್ತು. ಗೆದ್ದರೆ ಯಾರೂ ಕೇಳುವುದಿಲ್ಲ. ಸೋತರೆ ಮೇಲ್ಮನವಿಗೆ ಒಂದು ಕಾರಣ ಜೇಬಿನಲ್ಲಿರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ತಂಡ ಹಾಗೆ ಲೆಕ್ಕ ಹಾಕಿತ್ತು ಎಂದು ನಾನು ಹೇಳುತ್ತಿಲ್ಲ. ತಾವು ಪ್ರಾಮಾಣಿಕವಾಗಿಯೇ ನಂಬಲಿಲ್ಲ ಎಂದು ಅವರು ಹೇಳಿದ್ದಾರೆ. ನಾನು ಹೇಳುವುದಿಷ್ಟೇ: ನಂಬದಿರುವುದು ಲಾಭದಾಯಕವಾಗಿರುವಾಗ ಮನುಷ್ಯನ ಮನಸ್ಸು ನಂಬದಿರಲು ಕಾರಣಗಳನ್ನು ತಾನೇ ಹುಡುಕಿಕೊಡುತ್ತದೆ.

ಸಭೆಯಲ್ಲಿ ಒಬ್ಬರು ಕೇಳಿದರು: ಇಷ್ಟೆಲ್ಲ ಆದರೂ ಉಳಿದ ಜ್ಯೂರಿ ಸದಸ್ಯರನ್ನು ಕರೆದು, ಒಳಗೆ ಏನು ನಡೆಯಿತು ಎಂದು ಕೇಳಬಹುದಲ್ಲ? ಕೇಳುವಂತಿಲ್ಲ. 1785ರಲ್ಲಿ ಇಂಗ್ಲೆಂಡಿನಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನ್ಯಾಯಾಧೀಶರ ಮುಂದೆ, ಜ್ಯೂರಿಯವರು ನಾಣ್ಯ ಚಿಮ್ಮಿದಂತೆ ಅದೃಷ್ಟದ ಮೇಲೆ ನಿರ್ಣಯ ಮಾಡಿದರು ಎಂಬ ಪ್ರಮಾಣಪತ್ರ ಬಂದಾಗ, ಜ್ಯೂರಿ ಸದಸ್ಯರ ಬಾಯಿಂದಲೇ ಅಂಥ ಮಾತನ್ನು ಕೇಳಲಾಗದು ಎಂದು ಅವರು ತಿರಸ್ಕರಿಸಿದರು. ಆ ನಿಯಮ ಅಮೆರಿಕಕ್ಕೆ ಹೋಗಿ, ಈಗ ಫೆಡರಲ್ ಸಾಕ್ಷ್ಯ ನಿಯಮಗಳ 606(ಬಿ) ಆಗಿ ನಿಂತಿದೆ. ಹೊರಗಿನಿಂದ ಬಂದ ಒತ್ತಡ, ಹೊರಗಿನಿಂದ ಬಂದ ಮಾಹಿತಿ, ನಿರ್ಣಯದ ಹಾಳೆ ತುಂಬುವಾಗ ಆದ ಕೈತಪ್ಪು, ಇವುಗಳನ್ನು ಕೇಳಬಹುದು. ಒಳಗಿನ ಮಾತುಕತೆಯನ್ನು ಕೇಳುವಂತಿಲ್ಲ. ಇದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ 1987ರ ಟ್ಯಾನರ್ ಮೊಕದ್ದಮೆಯನ್ನು ನೋಡಿ. ಫ್ಲಾರಿಡಾದ ವಿದ್ಯುತ್ ಸಹಕಾರ ಸಂಸ್ಥೆಯೊಂದಕ್ಕೆ ಸಂಬಂಧಿಸಿದ ವಂಚನೆ ವಿಚಾರಣೆಯಲ್ಲಿ ಜ್ಯೂರಿ ಸದಸ್ಯರು ಊಟದ ವೇಳೆ ಬಿಯರು, ವೈನು ಕುಡಿಯುತ್ತಿದ್ದರು, ಕೆಲವರು ಗಾಂಜಾ, ಕೊಕೇನ್ ಕೂಡ ಬಳಸುತ್ತಿದ್ದರು, ಮಧ್ಯಾಹ್ನದ ಕಲಾಪದಲ್ಲಿ ತೂಕಡಿಸುತ್ತಿದ್ದರು ಎಂದು ಜ್ಯೂರಿಯ ಒಬ್ಬ ಸದಸ್ಯನೇ ಬಂದು ಹೇಳಿದ. ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ, ಅದೆಲ್ಲ 'ಹೊರಗಿನ ಪ್ರಭಾವ' ಅಲ್ಲ, ಆದ್ದರಿಂದ ಅದರ ಬಗ್ಗೆ ಜ್ಯೂರಿ ಸದಸ್ಯರ ಸಾಕ್ಷ್ಯ ಪಡೆಯುವಂತಿಲ್ಲ ಎಂದಿತು. ಜ್ಯೂರಿಯ ಮಾತುಕತೆಯಲ್ಲಿ ಜನಾಂಗದ್ವೇಷ ಸ್ಪಷ್ಟವಾಗಿ ಕಂಡುಬಂದರೆ ಮಾತ್ರ ಬಾಗಿಲು ತೆರೆಯಬಹುದು ಎಂಬ ವಿನಾಯಿತಿ ಬಂದದ್ದು 2017ರಲ್ಲಿ.

ಮೊದಲ ಸಲ ಕೇಳಿದಾಗ ಇದು ವಿಚಿತ್ರವೆನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಯೋಚಿಸಿ ನೋಡಿ: ನಿರ್ಣಯ ಬಂದ ಮರುದಿನ ಸೋತ ಕಂಪನಿಯ ಪತ್ತೇದಾರರು ಹನ್ನೆರಡು ಮನೆಗಳ ಬಾಗಿಲು ತಟ್ಟಿ, ನೀವು ಯಾರ ಮಾತಿಗೆ ಒಪ್ಪಿದಿರಿ, ಏಕೆ ಒಪ್ಪಿದಿರಿ ಎಂದು ಪೀಡಿಸಬಹುದಾದರೆ, ನಾಳೆ ಕಂಪನಿಯ ವಿರುದ್ಧ ಕೈಯೆತ್ತಲು ಯಾವ ಸಾಮಾನ್ಯ ಮನುಷ್ಯನಿಗೆ ಧೈರ್ಯ ಬರುತ್ತದೆ? ಮುಚ್ಚಿದ ಬಾಗಿಲು ದುರ್ಬಲನ ರಕ್ಷಣೆಗಾಗಿ ಇದೆ. ಅದೇ ಬಾಗಿಲ ಹಿಂದೆ ಸುಳ್ಳುಗಾರ ಕೂಡ ಅಡಗಬಹುದು ಎಂಬುದು ಅದರ ಬೆಲೆ. ಹಾಗಾಗಿಯೇ ಎಲ್ಲ ಭಾರವೂ ಬಾಗಿಲು ಮುಚ್ಚುವ ಮೊದಲಿನ ಪ್ರಶ್ನೋತ್ತರದ ಮೇಲೆ ಬೀಳುತ್ತದೆ. ಆ ಪ್ರಶ್ನೋತ್ತರದಲ್ಲಿ ಸುಳ್ಳು ಹೇಳಿದರೆ ಏನು ಎಂಬುದಕ್ಕೆ 1984ರಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಕಂಪನಿಯೊಂದರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಒಂದು ಅಳತೆಗೋಲು ಕೊಟ್ಟಿತು: ಮುಖ್ಯವಾದ ಪ್ರಶ್ನೆಗೆ ಜ್ಯೂರಿ ಸದಸ್ಯ ಅಪ್ರಾಮಾಣಿಕವಾಗಿ ಉತ್ತರಿಸಿರಬೇಕು, ಮತ್ತು ನಿಜ ಹೇಳಿದ್ದರೆ ಸಕಾರಣವಾಗಿ ಅವನನ್ನು ಕೈಬಿಡಬಹುದಾಗಿತ್ತು ಎಂದು ತೋರಿಸಬೇಕು. ಮರೆವು, ಗೊಂದಲ, ಪ್ರಶ್ನೆ ಅರ್ಥವಾಗದಿರುವುದು, ಇವು ಸಾಲವು.

ಮರೆವಿಗೂ ಮರೆಮಾಚುವಿಕೆಗೂ ನಡುವಿನ ಗೆರೆ ಎಷ್ಟು ತೆಳು ಎಂಬುದನ್ನು ನಾನು ನನ್ನ ಮನೆಯಲ್ಲೇ ನೋಡಿದೆ. ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ಅಮೆರಿಕದ ಪೌರತ್ವ ಬಂದ ಮೇಲೆ ಅವಳಿಗೆ ಜ್ಯೂರಿ ಸಮನ್ಸ್ ಬಂತು; ಅಲ್ಲಿರುವ ಕನ್ನಡದ ಮನೆಗಳಿಗೆ ಈಗ ಇದು ಹೊಸತೇನಲ್ಲ. ದಿನಕ್ಕೆ ಸಿಗುವ ಭತ್ಯೆ 15 ಡಾಲರ್, ಅದೂ ಎರಡನೆಯ ದಿನದಿಂದ. ಉದ್ದನೆಯ ಪ್ರಶ್ನಾವಳಿಯನ್ನು ತುಂಬುತ್ತಾ ಅವಳು ಫೋನ್ ಮಾಡಿದಳು. "ಮಾಮ, ನೀವು ಅಥವಾ ನಿಮ್ಮ ಮನೆಯವರು ಯಾವತ್ತಾದರೂ ಕೋರ್ಟಿಗೆ ಹೋಗಿದ್ದೀರಾ ಅಂತ ಕೇಳಿದ್ದಾರೆ. ಹದಿನೈದು ವರ್ಷದ ಹಿಂದೆ ಬಾಡಿಗೆ ಮನೆಯವನು ಡಿಪಾಸಿಟ್ ವಾಪಸ್ ಕೊಡಲಿಲ್ಲ ಅಂತ ಒಂದು ಕೇಸ್ ಹಾಕಿದ್ವಲ್ಲ, ಅದನ್ನೂ ಬರೀಬೇಕಾ?" ಬರೆ ಎಂದೆ. ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಅಪ್ಪನ ಸೈಟಿನ ಕೇಸ್?" ಎಂದಳು. ಮೈಸೂರಿನಲ್ಲಿ ನಮ್ಮ ಭಾವನವರ ಸೈಟಿನ ವ್ಯಾಜ್ಯ ಇಪ್ಪತ್ತೆರಡು ವರ್ಷ ನಡೆದಿತ್ತು. ನಾನೇ ಅದರ ವಕೀಲ. ಅದು ಅವಳಿಗೆ ನೆನಪಾದದ್ದು ಎರಡನೆಯದಾಗಿ, ಆ ಮೌನದ ನಂತರ. ಅವಳು ಏನನ್ನೂ ಮುಚ್ಚಿಡುವ ಹುಡುಗಿಯಲ್ಲ. ಆದರೂ ನಾನು ಫೋನ್ ಎತ್ತದಿದ್ದರೆ ಎರಡರಲ್ಲಿ ಒಂದಾದರೂ ಆ ಹಾಳೆಯ ಮೇಲೆ ಬರುತ್ತಿರಲಿಲ್ಲವೇನೋ.

ಅದೇ ಸ್ಯಾನ್ ಹೋಸೆಯ ಫೆಡರಲ್ ನ್ಯಾಯಾಲಯದಲ್ಲಿ 2012ರಲ್ಲಿ ಆಪಲ್ ಮತ್ತು ಸ್ಯಾಮ್‌ಸಂಗ್ ಕಂಪನಿಗಳ ನಡುವಿನ ಪೇಟೆಂಟ್ ವಿಚಾರಣೆ ನ್ಯಾಯಾಧೀಶೆ ಲೂಸಿ ಕೋ ಅವರ ಮುಂದೆ ನಡೆಯಿತು. ಒಂಬತ್ತು ಜನರ ಜ್ಯೂರಿ, 109 ಪುಟಗಳ ಸೂಚನೆಗಳು, ಸುಮಾರು 700 ಪ್ರಶ್ನೆಗಳಿದ್ದ ನಿರ್ಣಯದ ಹಾಳೆ. ಮೂರು ದಿನದೊಳಗೆ, ಆಗಸ್ಟ್ 24ರಂದು, ಆಪಲ್‌ಗೆ 105 ಕೋಟಿ ಡಾಲರ್ ಪರಿಹಾರ ಕೊಡಬೇಕೆಂಬ ನಿರ್ಣಯ ಬಂತು. ಜ್ಯೂರಿಯ ಮುಖಂಡರು ಎಂಜಿನಿಯರ್, ಸ್ವತಃ ಒಂದು ಪೇಟೆಂಟ್ ಹೊಂದಿದವರು. ಅದು ಗುಟ್ಟಾಗಿರಲಿಲ್ಲ, ಆಯ್ಕೆಯ ವೇಳೆಯಲ್ಲೇ ಎಲ್ಲರಿಗೂ ತಿಳಿದಿತ್ತು. ನಿರ್ಣಯದ ನಂತರ ಅವರು ಪತ್ರಿಕೆಗಳಿಗೆ ಸಂದರ್ಶನ ಕೊಟ್ಟು, ಹಳೆಯ ತಂತ್ರಜ್ಞಾನದಿಂದ ಆಪಲ್‌ನ ಪೇಟೆಂಟ್ ಬಿದ್ದುಹೋಗುತ್ತದೆಯೇ ಎಂಬ ಪ್ರಶ್ನೆ ತನಗೆ ಒಂದು ರಾತ್ರಿ ಹೇಗೆ ಬಗೆಹರಿಯಿತು, ಮರುದಿನ ಉಳಿದವರಿಗೆ ಅದನ್ನು ಹೇಗೆ ವಿವರಿಸಿದೆ ಎಂದು ಹೇಳಿದರು. ಆ ವಿವರಣೆ ಕಾನೂನಿನ ಪ್ರಕಾರ ತಪ್ಪು ಎಂದು ಪೇಟೆಂಟ್ ಬಲ್ಲ ಹಲವರು ಬರೆದರು. ಆಮೇಲೆ ಬಂದದ್ದು ಇನ್ನೊಂದು ಸಂಗತಿ: 1993ರಲ್ಲಿ ಅವರಿಗೂ ಅವರ ಹಳೆಯ ಉದ್ಯೋಗದಾತ ಸೀಗೇಟ್ ಕಂಪನಿಗೂ ಸಾಲದ ವಿಷಯದಲ್ಲಿ ಮೊಕದ್ದಮೆ ನಡೆದಿತ್ತು, ಅವರು ದಿವಾಳಿ ಅರ್ಜಿ ಹಾಕಿಕೊಂಡಿದ್ದರು. ಆಯ್ಕೆಯ ವೇಳೆ ಕೇಳಿದಾಗ ಬೇರೊಂದು ಮೊಕದ್ದಮೆಯನ್ನು ಹೇಳಿದ್ದರು, ಇದನ್ನು ಹೇಳಿರಲಿಲ್ಲ. 2012ರ ಹೊತ್ತಿಗೆ ಸ್ಯಾಮ್‌ಸಂಗ್ ಸೀಗೇಟ್‌ನ ದೊಡ್ಡ ಷೇರುದಾರ ಆಗಿತ್ತು.

ಸೀಗೇಟ್ ಮೇಲಿನ ಹಳೆಯ ಕಹಿ ತನ್ನ ಮೇಲೆ ತಿರುಗಿರಬಹುದು ಎಂದು ಸ್ಯಾಮ್‌ಸಂಗ್ ಮರುವಿಚಾರಣೆ ಕೇಳಿತು. ಬೇಕೆಂದೇ ಮುಚ್ಚಿಟ್ಟದ್ದಲ್ಲ ಎಂದು ಮುಖಂಡರು ಬಹಿರಂಗವಾಗಿ ಹೇಳಿದ್ದರು, ಮತ್ತು ಅವರು ತಪ್ಪು ಮಾಡಿದರು ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಡಿಸೆಂಬರ್ 17ರಂದು ನ್ಯಾಯಾಧೀಶೆ ಕೋ ಅರ್ಜಿಯನ್ನು ತಳ್ಳಿಹಾಕಿದರು. ಒಳಗಿನ ಚರ್ಚೆಯ ಬಗ್ಗೆ ಸಂದರ್ಶನದಲ್ಲಿ ಹೇಳಿದ್ದನ್ನು 606(ಬಿ) ಕಾರಣದಿಂದ ಪರಿಗಣಿಸುವಂತಿಲ್ಲ ಎಂಬುದು ಒಂದು. ನನಗೆ ಮುಖ್ಯವೆನಿಸುವುದು ಇನ್ನೊಂದು: ಆಯ್ಕೆಯ ದಿನ ಅವರು ಸೀಗೇಟ್‌ನಲ್ಲಿ ಕೆಲಸ ಮಾಡಿದ್ದನ್ನು ಹೇಳಿದ್ದರು; ಸ್ಯಾಮ್‌ಸಂಗ್‌ನ ವಕೀಲರು ಅಂದೇ ಎರಡು ಪ್ರಶ್ನೆ ಹೆಚ್ಚಿಗೆ ಕೇಳಿದ್ದರೆ, ಸಾರ್ವಜನಿಕ ದಾಖಲೆಯನ್ನು ತೆರೆದು ನೋಡಿದ್ದರೆ ಇದು ಸಿಗುತ್ತಿತ್ತು; ಸೋತ ಮೇಲೆ ಹುಡುಕಿದವರು ಗೆಲ್ಲುವ ಆಸೆಯಿದ್ದಾಗಲೂ ಹುಡುಕಬೇಕಿತ್ತು; ಆದ್ದರಿಂದ ಆಕ್ಷೇಪಿಸುವ ಹಕ್ಕನ್ನು ಅವರು ಬಿಟ್ಟುಕೊಟ್ಟಂತೆ. ಇದು ಕಠೋರವಾಗಿ ಕಂಡರೂ ಸರಿಯಾದ ನಿಲುವು ಎಂದು ನಾನು ನಂಬುತ್ತೇನೆ. ಆ 105 ಕೋಟಿ ಬೇರೆ ಕಾರಣಗಳಿಗಾಗಿ ಕರಗುತ್ತಾ, ಮರುವಿಚಾರಣೆಗಳನ್ನು ಕಾಣುತ್ತಾ, 2016ರಲ್ಲಿ ಸುಪ್ರೀಂ ಕೋರ್ಟಿಗೂ ಹೋಗಿ, 2018ರಲ್ಲಿ ರಾಜಿಯಲ್ಲಿ ಮುಗಿಯಿತು.

ಗುಟ್ಟನ್ನು ಹೊರಗೆಳೆಯುವ ಆತುರವೂ ಅಷ್ಟೇ ಅನಾಹುತ ಮಾಡಬಲ್ಲದು. 2004ರಲ್ಲಿ ನ್ಯೂಯಾರ್ಕಿನಲ್ಲಿ ಟೈಕೋ ಕಂಪನಿಯ ಮುಖ್ಯಸ್ಥ ಡೆನ್ನಿಸ್ ಕೊಜ್ಲೋವ್‌ಸ್ಕಿ ಮತ್ತು ಹಣಕಾಸು ಅಧಿಕಾರಿ ಮಾರ್ಕ್ ಸ್ವಾರ್ಟ್ಸ್ ಕಂಪನಿಯಿಂದ 60 ಕೋಟಿ ಡಾಲರ್ ಲೂಟಿ ಮಾಡಿದರೆಂಬ ವಿಚಾರಣೆ ಆರು ತಿಂಗಳು ನಡೆದು ಜ್ಯೂರಿಯ ಕೈಗೆ ಹೋಗಿತ್ತು. ಕೋಣೆಯ ವಾತಾವರಣ ವಿಷವಾಗಿದೆ, ಒಬ್ಬರು ಚರ್ಚೆಗೇ ಒಪ್ಪುತ್ತಿಲ್ಲ ಎಂಬ ಚೀಟಿ ಹೊರಬಂತು. ಆ ದಿನಗಳಲ್ಲೇ ನಾಲ್ಕನೇ ನಂಬರಿನ ಜ್ಯೂರಿ ಸದಸ್ಯೆ, 79 ವರ್ಷದ ವೃದ್ಧೆ, ಆರೋಪಿಗಳ ಮೇಜಿನ ಪಕ್ಕದಲ್ಲಿ ಹಾದುಹೋಗುವಾಗ ಹೆಬ್ಬೆರಳು ತೋರುಬೆರಳು ಸೇರಿಸಿ 'ಸರಿ' ಎಂಬ ಸನ್ನೆ ಮಾಡಿದರು ಎಂದು ಕೆಲವು ವರದಿಗಾರರಿಗೆ ಕಂಡಿತು. ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ ಪತ್ರಿಕೆಗಳು ಆಕೆಯ ಹೆಸರನ್ನು ಅಚ್ಚು ಹಾಕಿಬಿಟ್ಟವು. ಆಕೆಗೆ ಒಂದು ಫೋನ್ ಕರೆ ಬಂತು, ಒತ್ತಡ ಹಾಕುವ ಒಂದು ಪತ್ರ ಬಂತು. ಏಪ್ರಿಲ್ 2ರಂದು ನ್ಯಾಯಾಧೀಶ ಮೈಕಲ್ ಓಬಸ್ ಇಡೀ ವಿಚಾರಣೆಯನ್ನು ರದ್ದು ಮಾಡಿದರು. ಕೆಲವು ಆರೋಪಗಳಲ್ಲಿ ತಾವು ನಿರ್ಣಯದ ಹತ್ತಿರಕ್ಕೆ ಬಂದಿದ್ದೆವು ಎಂದು ಉಳಿದ ಜ್ಯೂರಿ ಸದಸ್ಯರು ಆಮೇಲೆ ಹೇಳಿದರು. ತಾನು ಅಂಥ ಸನ್ನೆ ಮಾಡಲೇ ಇಲ್ಲ ಎಂದು ಆ ವೃದ್ಧೆ ಹೇಳಿದರು. ಕೂದಲು ಸರಿಮಾಡಿಕೊಳ್ಳಲು ಎತ್ತಿದ ಕೈಯೂ ದೂರದಿಂದ ಸನ್ನೆಯಂತೆಯೇ ಕಾಣುತ್ತದೆ. 2005ರ ಜೂನ್‌ನಲ್ಲಿ ಇನ್ನೊಂದು ಜ್ಯೂರಿ ಇಬ್ಬರನ್ನೂ ಅಪರಾಧಿಗಳೆಂದಿತು. ಮೊದಲ ವಿಚಾರಣೆಯ ಆರು ತಿಂಗಳು ನೀರಿನಲ್ಲಿ ಹೋಮವಾಯಿತು, ಮತ್ತು ಒಬ್ಬ ವೃದ್ಧೆ, ಏನೂ ಸಾಬೀತಾಗದೆ, ಊರಿಗೆಲ್ಲ ಸಂಶಯದ ವ್ಯಕ್ತಿಯಾದರು.

ಈ ಮೂರು ಪ್ರಕರಣಗಳ ನಡುವೆ, ಜ್ಯೂರಿಯ ವಿಷಯದಲ್ಲಿ ವಕೀಲರಿಗೆ ಸಲಹೆ ಮಾರುವ ಒಂದು ದೊಡ್ಡ ಉದ್ಯಮವೇ ನಿಂತಿದೆ. 1972ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನಲ್ಲಿ, ವಿಯೆಟ್ನಾಂ ಯುದ್ಧ ವಿರೋಧಿಗಳ ವಿಚಾರಣೆಯಲ್ಲಿ, ಜೇ ಶುಲ್ಮನ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಊರಿನ ಜನರ ಸಮೀಕ್ಷೆ ನಡೆಸಿ, ಎಂಥವರನ್ನು ಜ್ಯೂರಿಯಲ್ಲಿ ಇಟ್ಟುಕೊಳ್ಳಬೇಕು ಎಂದು ಆರೋಪಿಗಳಿಗೆ ಹೇಳಿಕೊಟ್ಟರು. ಸರ್ಕಾರದ ಎದುರು ಬಡವರ ಆಯುಧವಾಗಿ ಹುಟ್ಟಿದ ಆ ವಿದ್ಯೆ ಕೆಲವೇ ವರ್ಷಗಳಲ್ಲಿ ಕಂಪನಿಗಳ ಕೈಗೆ ಹೋಯಿತು. ಅಣಕು ವಿಚಾರಣೆಗಳು, ನಿಜವಾದ ಜ್ಯೂರಿಯ ಮನಸ್ಸನ್ನು ಊಹಿಸಲು ಪ್ರೇಕ್ಷಕರ ಸಾಲಿನಲ್ಲಿ ಕೂರಿಸುವ ನೆರಳು ಜ್ಯೂರಿಗಳು, ಅರ್ಹರ ಪಟ್ಟಿಯಲ್ಲಿರುವ ಒಬ್ಬೊಬ್ಬರ ಹಿನ್ನೆಲೆಯ ಕಡತ, ಎಲ್ಲವೂ ಈಗ ದುಡ್ಡಿಗೆ ಸಿಗುತ್ತವೆ. ಜ್ಯೂರಿ ಸದಸ್ಯರ ಸಾಮಾಜಿಕ ಜಾಲತಾಣದ ಪುಟವನ್ನು, ಎಲ್ಲರಿಗೂ ಕಾಣುವಷ್ಟರ ಮಟ್ಟಿಗೆ, ವಕೀಲರು ನೋಡಬಹುದು, ಸ್ನೇಹದ ಕೋರಿಕೆ ಕಳುಹಿಸುವಂತಿಲ್ಲ ಎಂದು ಅಮೆರಿಕನ್ ಬಾರ್ ಅಸೋಸಿಯೇಷನ್ 2014ರಲ್ಲಿ ಹೇಳಿತು. 2016ರಲ್ಲಿ ಒರಾಕಲ್ ಮತ್ತು ಗೂಗಲ್ ನಡುವಿನ, ಸುಮಾರು 900 ಕೋಟಿ ಡಾಲರ್‌ನ ವಿಚಾರಣೆಗೆ ಮುನ್ನ ನ್ಯಾಯಾಧೀಶ ವಿಲಿಯಂ ಆಲ್ಸಪ್ ಎರಡೂ ಕಂಪನಿಗಳನ್ನು ಕರೆದು, ಜ್ಯೂರಿಯ ಜನರನ್ನು ಇಂಟರ್ನೆಟ್‌ನಲ್ಲಿ ಹುಡುಕುವುದನ್ನು ನೀವಾಗಿಯೇ ಬಿಟ್ಟುಬಿಡಿ ಎಂದು ಕೇಳಿಕೊಂಡರು. ಒಬ್ಬರ ಮೆಚ್ಚಿನ ಕಾದಂಬರಿ ಯಾವುದೆಂದು ತಿಳಿದ ವಕೀಲ ತನ್ನ ವಾದವನ್ನು ಅದಕ್ಕೆ ತಕ್ಕಂತೆ ಹೊಸೆಯಬಲ್ಲ ಎಂಬುದು ಅವರ ಭಯಗಳಲ್ಲೊಂದು. ಆ ಭಯವನ್ನು ನಾನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ಹುಡುಕುವುದರಲ್ಲಿ ತಪ್ಪಿಲ್ಲ. ಹುಡುಕಿ ಸಿಕ್ಕಿದ್ದನ್ನು ನ್ಯಾಯಾಧೀಶರ ಮುಂದೆ ಇಡದೆ ಕೈಯಲ್ಲಿ ಹಿಡಿದು ಕೂರುವುದೇ ತಪ್ಪು. ಡಾಗರ್ಡಸ್ ಪ್ರಕರಣದಲ್ಲಿ ಪರ್ಯಾಯ ಜ್ಯೂರಿ ಸದಸ್ಯರು ಪಕ್ಕದಲ್ಲೇ ಕುಳಿತಿದ್ದರು. ಚೀಟಿ ಬಂದ ದಿನವೇ ಒಬ್ಬ ವಕೀಲ ಎದ್ದು ನಿಂತು ನ್ಯಾಯಾಧೀಶರ ಕೊಠಡಿಯಲ್ಲಿ ಐದು ನಿಮಿಷ ಮಾತಾಡಿದ್ದರೆ, ಆಕೆಯನ್ನು ಇಳಿಸಿ ಮತ್ತೊಬ್ಬರನ್ನು ಕೂರಿಸಬಹುದಿತ್ತು.

ಎರಡನೆಯ ಪ್ರಶ್ನೆ, ಯಾವ ಸಭೆಯಲ್ಲೂ ತಪ್ಪದೆ ಬರುವಂಥದ್ದು: ನಮ್ಮಲ್ಲಿ ಜ್ಯೂರಿ ಇಲ್ಲವಲ್ಲ, ನಾನಾವತಿ ಪ್ರಕರಣದಿಂದ ಹೋಯಿತಲ್ಲ, ನಮಗೇಕೆ ಇದು? ನಾನಾವತಿಯೊಂದರಿಂದ ಹೋಗಲಿಲ್ಲ. ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರನ ಮೇಲೆ ಗುಂಡು ಹಾರಿಸಿದ್ದು 1959ರಲ್ಲಿ. ಜ್ಯೂರಿಯನ್ನು ತೆಗೆದುಹಾಕಬೇಕೆಂದು ಕಾನೂನು ಆಯೋಗದ 14ನೆಯ ವರದಿ ಶಿಫಾರಸು ಮಾಡಿದ್ದು 1958ರಲ್ಲೇ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಉಳಿಯಲಿಲ್ಲ. ಇನ್ನು ನಮಗೇಕೆ ಎಂದರೆ, 2016ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಜ್ಯೂರಿ ಆಸ್ಪತ್ರೆಗಳಿಗೆ ತಂತ್ರಾಂಶ ಮಾಡುವ ಎಪಿಕ್ ಸಿಸ್ಟಮ್ಸ್ ಕಂಪನಿ ಹೂಡಿದ ದಾವೆಯಲ್ಲಿ ನಮ್ಮ ಟಿಸಿಎಸ್ 94 ಕೋಟಿ ಡಾಲರ್ ಕೊಡಬೇಕು ಎಂದಿತು, ಆಮೇಲೆ ನ್ಯಾಯಾಲಯಗಳು ಅದನ್ನು ಬಹಳಷ್ಟು ಇಳಿಸಿದವು. ನಿಮ್ಮಲ್ಲಿ ಕೆಲವರು ನಾಳೆ ಇಂಥ ಕಂಪನಿಗಳ ಕಾನೂನು ವಿಭಾಗದಲ್ಲಿ ಕೂರುವವರು. ಅಲ್ಲಿಯ ವಕೀಲರು ನಿಮಗೆ ಫೋನ್ ಮಾಡಿ, ಜ್ಯೂರಿಯಲ್ಲಿರುವ ಒಬ್ಬರ ಬಗ್ಗೆ ಒಂದು ವಿಷಯ ಸಿಕ್ಕಿದೆ, ಸದ್ಯಕ್ಕೆ ಸುಮ್ಮನಿರೋಣವೇ ಎಂದು ಕೇಳುವ ದಿನ ಬರಬಹುದು.

ಮತ್ತೆ ಆ ಬ್ರೋಕರ್‌ನ ವಿಷಯಕ್ಕೆ ಬರುತ್ತೇನೆ. 2012ರ ಜೂನ್‌ನಲ್ಲಿ ನ್ಯಾಯಾಧೀಶ ಪಾಲಿ ಉಳಿದ ಮೂವರು ಅಪರಾಧಿಗಳಿಗೆ ಮರುವಿಚಾರಣೆ ಕೊಟ್ಟರು, ಏಕೆಂದರೆ ಅವರ ವಕೀಲರಿಗೆ ಏನೂ ತಿಳಿದಿರಲಿಲ್ಲ. ಬ್ರೋಕರ್‌ಗೆ ಕೊಡಲಿಲ್ಲ, ಏಕೆಂದರೆ ಅವನ ವಕೀಲರಿಗೆ ತಿಳಿದಿತ್ತು ಅಥವಾ ತಿಳಿದುಕೊಳ್ಳಬಹುದಾಗಿತ್ತು. ಅದೇ ಸುಳ್ಳು, ಅದೇ ಜ್ಯೂರಿ, ಒಬ್ಬನಿಗೆ ಮಾತ್ರ ಶಿಕ್ಷೆ ಉಳಿಯಿತು. ಮೂರೂವರೆ ವರ್ಷ ಜೈಲು ಎಂದಾಯಿತು. ಮುಂದಿನ ವಿಚಾರಣೆಯಲ್ಲಿ ಡಾಗರ್ಡಸ್ ಮತ್ತೆ ಅಪರಾಧಿಯಾಗಿ 15 ವರ್ಷದ ಶಿಕ್ಷೆ ಪಡೆದರೆ, ಮೊದಲ ಸಲ ಅವರ ಜೊತೆಯಲ್ಲೇ ಅಪರಾಧಿಯೆನಿಸಿದ್ದ ಲೆಕ್ಕಪತ್ರ ಸಂಸ್ಥೆಯ ಅಧಿಕಾರಿ ನಿರಪರಾಧಿಯಾಗಿ ಹೊರಬಂದರು. ಜ್ಯೂರಿಯಲ್ಲಿ ಯಾರು ಕೂರುತ್ತಾರೆ ಎಂಬುದರಿಂದ ಏನು ವ್ಯತ್ಯಾಸವಾಗುತ್ತದೆ ಎಂದು ಕೇಳುವವರಿಗೆ ನಾನು ಈ ಒಂದು ಸಾಲನ್ನು ತೋರಿಸುತ್ತೇನೆ.

2015ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಬ್ರೋಕರ್‌ನ ಶಿಕ್ಷೆಯನ್ನೂ ರದ್ದುಪಡಿಸಿತು. ಪಕ್ಷಪಾತವಿಲ್ಲದ ಜ್ಯೂರಿ ಅವನ ಹಕ್ಕು, ಅವನಿಗೆ ಸಿಕ್ಕ ಜ್ಯೂರಿ ಅಂಥದ್ದಾಗಿರಲಿಲ್ಲ, ಆ ಹಕ್ಕನ್ನು ಅವನು ಕಳೆದುಕೊಂಡ ಎನ್ನುವುದು ಸರಿಯಲ್ಲ ಎಂಬುದು ಅದರ ಸಾರ. ಜ್ಯೂರಿ ಸದಸ್ಯೆ ಪ್ರಮಾಣ ಮಾಡಿ ಸುಳ್ಳು ಹೇಳಿ ಆಗಲೇ ನಾಲ್ಕು ವರ್ಷ ದಾಟಿತ್ತು.